ಗೌಡ್ರು ಗೌಡಶ್ಯಾನಿಯಾದ ದಿನ

ಬೆಳಗಾವಿ, 13 ಜುಲೈ 2025, ರವಿವಾರ

ಬೆಳಿಗ್ಗೆ ಆರೂವರೆಗೆ ಟ್ಯಾಂಕಿನ ದೀಪ ಹಾಕಿದಾಗ ಮುಂದಿನ ಗಾಜಿನ ಮೇಲೆ ಸಣ್ಣ ಸಾಬೂದಾಣಿಯಂತಹ ಕಾಳುಗಳು ಅಂಟಿಕೊಂಡಿದ್ದವು. ಸಮೀಪ ಹೋಗಿ ನೋಡುವಷ್ಟರಲ್ಲಿ, ಐದು ತಿಂಗಳಿಂದ ನಾನು ‘ಗೌಡ್ರು’ ಎಂದು ಕರೆಯುತ್ತ ಬಂದಿದ್ದ ಮೀನು ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ, ಅದರಲ್ಲಿ ಮೂರು ಮೊಟ್ಟೆಗಳನ್ನು ಹಿಡಿದುಕೊಂಡು ಗಾಜನ್ನೇರಿತು. ಆರು ಮೀನುಗಳಲ್ಲಿ ಅದೇ ದೊಡ್ಡದಾಗಿದ್ದುದರಿಂದ ಗಂಡೆಂದು ನಂಬಿದ್ದೆ. ಹುಂಜ, ಹೋರಿ, ಟಗರುಗಳನ್ನು ನೋಡಿ ಬೆಳೆದ ಕಣ್ಣಿಗೆ ದೊಡ್ಡದೆಲ್ಲ ಗಂಡಾಗಿಯೇ ಕಾಣುತ್ತದೆ.

ಇವು ಕಾರಿಡೊರಸ್ ಪಲಿಯೇಟಸ್ ಎಂಬ ಚುಕ್ಕೆಯ ಕ್ಯಾಟ್‌ಫಿಶ್‌ಗಳು. ದಕ್ಷಿಣ ಅಮೆರಿಕದ ಈ ಮೀನನ್ನು ಬೀಗಲ್ ಹಡಗಿನ ಪ್ರಯಾಣದಲ್ಲಿ ಡಾರ್ವಿನ್ ಸಂಗ್ರಹಿಸಿದ್ದನು. 1842ರಲ್ಲಿ ಪ್ರಕೃತಿವಿಜ್ಞಾನಿ ಜೆನಿನ್ಸ್ ಅದನ್ನು ಹೊಸ ಜಾತಿಯೆಂದು ವರ್ಣಿಸಿದನು. ಕಳೆದ ವರ್ಷ, 2024ರಲ್ಲಿ, ವಿಜ್ಞಾನಿಗಳು ಕಾರಿಡೊರಸ್ ಕುಲವನ್ನೇ ಒಡೆದು ಇದನ್ನು ಹೊಪ್ಲಿಸೋಮಾ ಎಂಬ ಕುಲಕ್ಕೆ ಸೇರಿಸಿದ್ದಾರೆ, ಆದರೆ ಅಂಗಡಿಯವರ ಬಾಯಲ್ಲಿ ಅದು ಇನ್ನೂ ‘ಕೋರಿ’ಯೇ.

ಫೆಬ್ರುವರಿಯಲ್ಲಿ ಇವುಗಳನ್ನು ತಂದ ದಿನ ಪಕ್ಕದ ಮನೆಯ ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತು, “ಕಾಕಾ, ಎಲ್ಲಾವಕ್ಕೂ ಮೀಸಿ ಅದಾವಲ್ರಿ, ಹಂಗಾದ್ರ ಎಲ್ಲಾ ಗಂಡೇನ್ರಿ?” ಎಂದು ಕೇಳಿದ್ದಳು. ಆಗ ನಾನು ನಕ್ಕುಬಿಟ್ಟೆ. ನನ್ನ ತಿಳುವಳಿಕೆಯೂ ಅವಳದಕ್ಕಿಂತ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ಈ ಜಾತಿಯಲ್ಲಿ ಮೀಸೆ ಮರಳಿನಲ್ಲಿ ಆಹಾರ ಹುಡುಕುವ ಅಂಗ, ಗಂಡು ಹೆಣ್ಣು ಎರಡಕ್ಕೂ ಬೇಕು.

ನನ್ನ ತಪ್ಪಿಗೆ ಮುಖ್ಯ ಕಾರಣ ನಾನು ನೋಡುತ್ತಿದ್ದ ದಿಕ್ಕು ಎಂದು ಈಗ ಅನಿಸುತ್ತಿದೆ. ಗಾಜಿನ ಟ್ಯಾಂಕಿನಲ್ಲಿ ನಾವು ಮೀನನ್ನು ಸದಾ ಪಕ್ಕದಿಂದ ನೋಡುತ್ತೇವೆ. ಕೋರಿಗಳ ಭೇದವಾದರೋ ಮೇಲಿನಿಂದ ನೋಡಿದಾಗ ಕಾಣುತ್ತದೆ. ಸ್ವಲ್ಪ ಹೊತ್ತಿನ ನಂತರ, ಮೊಟ್ಟೆಯಿಡುವ ಗಡಿಬಿಡಿ ಮುಗಿದ ಮೇಲೆ, ಉಳಿದ ಐದನ್ನೂ ಬಿಳಿಯ ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿದೆ. ಅದಕ್ಕೆ ಬಲೆ ಬಳಸಲಿಲ್ಲ, ಏಕೆಂದರೆ ಇವುಗಳ ಬೆನ್ನಿನ ಮತ್ತು ಎದೆಯ ಈಜುರೆಕ್ಕೆಗಳ ಮುಳ್ಳುಗಳು ಹೆದರಿದಾಗ ಸೆಟೆದು ನಿಂತು ಬಲೆಯ ನೂಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹಳೆಯ ಉಪ್ಪಿನಕಾಯಿ ಡಬ್ಬಿಯಿಂದ ನೀರಿನ ಸಮೇತ ಎತ್ತಿದೆ. ಬಗ್ಗಿ ಮೇಲಿನಿಂದ ನೋಡಿದಾಗ ನಾಲ್ಕು ಮೀನುಗಳು ನೇಗಿಲಿನ ಗುಳದಂತೆ ತಲೆಯಿಂದ ಬಾಲದತ್ತ ನೇರವಾಗಿ ಸಪೂರವಾಗುತ್ತ ಹೋಗಿದ್ದವು, ಒಂದು ಮಾತ್ರ ಎದೆಯ ಈಜುರೆಕ್ಕೆಗಳ ಹಿಂದೆ ಎರಡೂ ಬದಿಗೆ ಉಬ್ಬಿತ್ತು. ಅಂದರೆ ಗೌಡ್ರನ್ನು ಸೇರಿಸಿ ಎರಡು ಹೆಣ್ಣು, ನಾಲ್ಕು ಗಂಡು. ಒಂದು ಹೆಣ್ಣಿಗೆ ಎರಡು ಗಂಡು ಇರಬೇಕೆಂದು ಅನುಭವಿಗಳು ಹೇಳುವ ಲೆಕ್ಕ ನನ್ನ ಪ್ರಯತ್ನವಿಲ್ಲದೆಯೇ ಕೂಡಿಬಂದಿದೆ.

ಹೊಟ್ಟೆಯ ಗಾತ್ರವೊಂದನ್ನೇ ನಂಬುವುದು ಕ್ಷೇಮವಲ್ಲ, ಏಕೆಂದರೆ ಹುಳು ತಿಂದ ಗಂಡೂ ಅರ್ಧ ದಿನ ಬಸುರಿಯಂತೆ ಕಾಣುತ್ತದೆ. ಆದ್ದರಿಂದ ಆಹಾರ ಹಾಕುವ ಮೊದಲೇ ನೋಡಬೇಕು. ಅದಕ್ಕಿಂತ ಗಟ್ಟಿಯಾದ ಗುರುತು ಹೊಟ್ಟೆಯಡಿಯ ಈಜುರೆಕ್ಕೆಗಳಲ್ಲಿದೆ: ಗಂಡಿನಲ್ಲಿ ಅವು ಚೂಪಾಗಿ ಕಿರಿದಾಗಿದ್ದರೆ ಹೆಣ್ಣಿನಲ್ಲಿ ಬೀಸಣಿಗೆಯಂತೆ ಅಗಲವಾಗಿ ದುಂಡಗಿರುತ್ತವೆ. ಆ ಅಗಲ ಏತಕ್ಕೆಂಬುದನ್ನು ಇಂದು ಕಣ್ಣಾರೆ ಕಂಡೆ. ಗಂಡು ಅಡ್ಡಲಾಗಿ ನಿಂತು ಹೆಣ್ಣಿನ ಮೀಸೆಯನ್ನು ತನ್ನ ಎದೆಯ ಈಜುರೆಕ್ಕೆಯಿಂದ ಅದುಮಿ ಹಿಡಿಯುತ್ತದೆ, ಎರಡೂ ಸೇರಿ ಇಂಗ್ಲಿಷಿನ ಟೀ ಅಕ್ಷರದಂತೆ ಕೆಲವು ಕ್ಷಣ ಸ್ತಬ್ಧವಾಗುತ್ತವೆ, ಆಮೇಲೆ ಹೆಣ್ಣು ಆ ಬೊಗಸೆಯಲ್ಲಿ ಮೊಟ್ಟೆಗಳನ್ನು ಹೊತ್ತುಕೊಂಡು ಜಾಗ ಹುಡುಕುತ್ತದೆ. ಇದರ ಸಂಬಂಧಿಯಾದ ಕಂಚಿನ ಬಣ್ಣದ ಕೋರಿಯಲ್ಲಿ ಹೆಣ್ಣು ವೀರ್ಯವನ್ನು ಬಾಯಿಂದ ಕುಡಿದು, ಅದು ಕರುಳಿನ ಮೂಲಕ ಸಾಗಿ ಮೊಟ್ಟೆಗಳ ಬಳಿ ಹೊರಬರುತ್ತದೆಂದು ಜಪಾನಿನ ಸಂಶೋಧಕರು 1995ರಲ್ಲಿ ವರದಿ ಮಾಡಿದ್ದಾರೆ.

ಮರಿಗಳಲ್ಲಿ ಈ ಗುರುತುಗಳಾವುವೂ ಇರುವುದಿಲ್ಲ. ಅಂಗಡಿಯಲ್ಲಿ ಎರಡು ಸೆಂಟಿಮೀಟರಿನ ಮರಿಗಳನ್ನು ತೋರಿಸಿ ‘ಜೋಡಿ ಕೊಡ್ತೀನ್ರಿ’ ಎನ್ನುವವರ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಆರು ಮರಿ ತಂದು ಕಾಯುವುದೇ ಲೇಸು. ಮೀಸೆಯ ಲೆಕ್ಕಾಚಾರ ನಡೆಯಬೇಕೆಂದರೆ ಬ್ರಿಸಲ್‌ನೋಸ್ ಎಂಬ ಇನ್ನೊಂದು ಬಗೆಯ ಕ್ಯಾಟ್‌ಫಿಶ್ ಸಾಕಬೇಕು: ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಕುಚ್ಚುಗಳು ಪೊದೆಯಂತೆ ಏಳುತ್ತವೆ, ಹೆಣ್ಣಿಗಾದರೆ ಅಂಚಿನಲ್ಲಿ ಕೆಲವು ಗಿಡ್ಡ ಎಳೆಗಳಿದ್ದರೂ ಇರಬಹುದು, ಅಷ್ಟೆ.

ಮೊಟ್ಟೆಗಳಿಗೆ ಮಳೆಯೂ ಕಾರಣ. ಶುಕ್ರವಾರ ಸಂಜೆ ಮೂರನೆಯ ಒಂದು ಭಾಗ ನೀರು ಬದಲಿಸಿದಾಗ, ಮಳೆಯ ತಂಪಿನಲ್ಲಿ ಎರಡು ದಿನ ಬಕೆಟಿನಲ್ಲಿ ಹಿಡಿದಿಟ್ಟಿದ್ದ ನಳದ ನೀರು ಟ್ಯಾಂಕಿಗಿಂತ ನಾಲ್ಕು ಡಿಗ್ರಿ ತಂಪಾಗಿತ್ತು. ತವರಿನ ನದಿಗಳಲ್ಲಿ ಮಳೆನೀರು ಬಂದಂತೆ ಅವುಗಳಿಗೆ ಅನಿಸಿರಬೇಕು.

ಹನ್ನೊಂದಕ್ಕೆ ಹುಡುಗಿ ಬಂದಳು. ವಿಷಯ ಕೇಳಿ, “ಹಂಗಾದ್ರ ಗೌಡ್ರಲ್ಲರೀ ಕಾಕಾ, ಗೌಡಶ್ಯಾನಿ” ಎಂದು ತಾನೇ ಹೆಸರು ತಿದ್ದಿದಳು. ದೊಡ್ಡ ಮೀನುಗಳು ಮೊಟ್ಟೆಗಳನ್ನು ತಿಂದುಬಿಡುತ್ತವಾದ್ದರಿಂದ, ಅಷ್ಟರಲ್ಲಿ ಗಟ್ಟಿಯಾಗಿದ್ದ ಮೊಟ್ಟೆಗಳನ್ನು ಗಾಜಿನಿಂದ ಬೆರಳಿನಲ್ಲಿ ಮೆಲ್ಲಗೆ ಉರುಳಿಸಿ ತೆಗೆದೆವು. ಅವಳ ಎಣಿಕೆಯಲ್ಲಿ ನಲವತ್ತೆಂಟು, ನನ್ನದರಲ್ಲಿ ನಲವತ್ತಾರು. ಬೇರೆ ಡಬ್ಬಿಯಲ್ಲಿ ಅವನ್ನಿಟ್ಟು, ನೀರಿನಲ್ಲಿ ಗಾಳಿಗುಳ್ಳೆ ಎಬ್ಬಿಸುವ ಗಾಳಿಯ ಕಲ್ಲು ಬಿಟ್ಟು, ಬೂಸ್ಟು ಹಿಡಿಯದಂತೆ ರಸ್ತೆಬದಿಯ ಕಾಡುಬಾದಾಮಿಯ ಒಣ ಎಲೆಯೊಂದನ್ನು ತೊಳೆದು ಹಾಕಿದ್ದೇನೆ. ರಾತ್ರಿಯ ಹೊತ್ತಿಗೆ ಐದು ಬೆಳ್ಳಗಾಗಿದ್ದವು, ಅವನ್ನು ತೆಗೆದೆ. ಉಳಿದವು ಗುರುವಾರ ಅಥವಾ ಶುಕ್ರವಾರ ಒಡೆಯಬೇಕು.