ಹತ್ತಕ್ಕೆ ಹನ್ನೆರಡರ ಮನೆಯಲ್ಲಿ ಇಬ್ಬರು

ಬೆಂಗಳೂರಿನಲ್ಲಿ ಒನ್ ಆರ್‌ಕೆ ಅಂತ ಬಾಡಿಗೆಗೆ ಸಿಗುವುದು ಹೆಚ್ಚುಕಡಿಮೆ 10 ಅಡಿಗೆ 12 ಅಡಿಯ ಕೋಣೆ, ಪಕ್ಕಕ್ಕೊಂದು ಕಿರಿದಾದ ಅಡುಗೆಮನೆ, ಒಂದು ಬಚ್ಚಲು. ಗಂಡ ಹೆಂಡತಿ ಸಾಮಾನು ಕೊಳ್ಳಲು ಹೊರಟಾಗ ಮೊದಲು ಎಡವುವುದು ಮಂಚದಲ್ಲಿ. ಕ್ವೀನ್ ಸೈಜ್ ಮಂಚ 5 ಅಡಿಗೆ ಆರೂವರೆ ಅಡಿ. 120 ಚದರಡಿಯಲ್ಲಿ 32 ಅಲ್ಲೇ ಹೋಯಿತು. 4 ಅಡಿಗೆ ಆರೂಕಾಲು ಅಡಿಯದಾದರೆ 25ಕ್ಕೆ ಮುಗಿಯುತ್ತದೆ. ಕೊಳ್ಳುವ ಮೊದಲು ಮಂಚದ ಅಳತೆಗೆ ನೆಲದ ಮೇಲೆ ಹಳೆ ಪೇಪರ್ ಹಾಸಿ, ಬೀರುವಿನ ಬಾಗಿಲು, ಬಚ್ಚಲ ಬಾಗಿಲು ಎರಡನ್ನೂ ಪೂರ್ತಿ ತೆರೆದು ನೋಡಿ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಓಡಾಡಲು 2 ಅಡಿ ದಾರಿ ಉಳಿಯಲೇಬೇಕು.

ಇಕ್ಕಟ್ಟು ಹೇಗೋ ಅಭ್ಯಾಸವಾಗುತ್ತದೆ, ತೇವ ಅಭ್ಯಾಸವಾಗುವುದಿಲ್ಲ. ಇಬ್ಬರ ಉಸಿರು, ಕುಕ್ಕರಿನ ಹಬೆ, ಸ್ನಾನದ ಹಬೆ, ಒಳಗೆ ಹರವಿದ ಬಟ್ಟೆಯ ನೀರು ಎಲ್ಲವೂ ಆ ಒಂದೇ ಕೋಣೆಯ ಗಾಳಿ ಸೇರುತ್ತವೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ತಣ್ಣಗಿರುವ ಹೊರಗೋಡೆಯ ಮೇಲೆ ಅದು ನೀರಾಗಿ ಕೂರುತ್ತದೆ. ಬೂಷ್ಟು ಮೊದಲು ಹಿಡಿಯುವುದು ಕಣ್ಣಿಗೆ ಬೀಳದ ಕಡೆ: ಬೀರುವಿನ ಬೆನ್ನಿಗೆ, ಸ್ಟೋರೇಜ್ ಮಂಚದ ಹಾಸಿಗೆಯ ಅಡಿಗೆ. ಬೀರುವನ್ನು ಗೋಡೆಯಿಂದ 3 ಇಂಚು ಈಚೆ ಇಡಿ. ಮಂಚದ ಪ್ಲೈವುಡ್‌ಗೆ ಅಲ್ಲಲ್ಲಿ ಒಂದಿಂಚಿನ ತೂತು ಹೊಡೆಸಿ, ವಾರಕ್ಕೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ. ಬೂಷ್ಟಿನ ಮೇಲೆಯೇ ಪೇಂಟ್ ಬಳಿಸಬೇಡಿ, ಅದು ಮತ್ತೆ ಮೇಲೆದ್ದು ಬರುತ್ತದೆ. ಒರೆಸಿ, ಗೋಡೆ ಒಣಗಿದ ಮೇಲೆಯೇ ಬಣ್ಣ.

ಎಕ್ಸಾಸ್ಟ್ ಫ್ಯಾನ್ ಇದ್ದೂ ಹಬೆ ಹೋಗುತ್ತಿಲ್ಲ ಎನ್ನುವವರು ಒಂದು ಟಿಶ್ಯೂ ಹಾಳೆ ತೆಗೆದುಕೊಳ್ಳಿ. ಎಲ್ಲ ಬಾಗಿಲು ಮುಚ್ಚಿ ಫ್ಯಾನ್ ಜಾಲರಿಗೆ ಹಿಡಿದು ಬಿಡಿ, ಜಾರಿ ಬೀಳಬಹುದು. ಎದುರಿನ ಕಿಟಕಿಯನ್ನು ನಾಲ್ಕು ಬೆರಳು ತೆರೆದು ಮತ್ತೆ ಹಿಡಿಯಿರಿ, ಅಂಟಿಕೊಳ್ಳುತ್ತದೆ. ಒಳಗೆ ಬರುವ ಗಾಳಿ ಇಲ್ಲದಿದ್ದರೆ ಫ್ಯಾನ್ ಹೊರಗೆ ಹಾಕುವುದಾದರೂ ಏನನ್ನು? ಸ್ನಾನವಾದ ಮೇಲೆ 20 ನಿಮಿಷ ಓಡಲಿ. ಮಳೆ ದಿನಗಳಲ್ಲಿ ಬಟ್ಟೆಯನ್ನೂ ಬಚ್ಚಲಲ್ಲೇ ಹರವಿ.

ಇದೇ ಕಾರಣಕ್ಕೆ, ಬಚ್ಚಲ ಒಳಗೆ ಗ್ಯಾಸ್ ಗೀಸರ್ ಇರುವ ಮನೆಯನ್ನು ಒಪ್ಪಿಕೊಳ್ಳಲೇಬೇಡಿ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತಿ ಬಿದ್ದವರಿಗೆ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿದಿರುವುದಿಲ್ಲ. ಗೀಸರನ್ನು ಹೊರಗಿನ ಬಯಲು ಗಾಳಿಗೆ ಹಾಕಿಸಿಕೊಡಿ, ಇಲ್ಲವೇ ಕರೆಂಟಿನದು ಕೊಡಿ ಎಂದು ಅಡ್ವಾನ್ಸ್ ಕೊಡುವ ಮೊದಲೇ ಓನರ್ ಹತ್ತಿರ ಖಡಾಖಂಡಿತವಾಗಿ ಮಾತಾಡಿ. ಸಿಲಿಂಡರಿನ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ನೆಲದ ಮೇಲೆ ಹಾಸಿಕೊಂಡು ಮಲಗುವವರಂತೂ ರಾತ್ರಿ ರೆಗ್ಯುಲೇಟರ್ ಆಫ್ ಮಾಡದೆ ದೀಪ ಆರಿಸಬಾರದು.

ದೀಪ ಅಂದಾಗ ನೆನಪಾಯಿತು: ಒಬ್ಬರಿಗೆ ನೈಟ್ ಶಿಫ್ಟ್ ಇದ್ದರೆ ಒಂದೇ ಟ್ಯೂಬ್‌ಲೈಟ್ ಸಾಲದು. ಅಡುಗೆಮನೆಯ ಬಾಗಿಲಿಗೊಂದು ದಪ್ಪ ಪರದೆ, ಒಳಗೆ 5 ವ್ಯಾಟಿನ ಬಲ್ಬು, ಒಂದು ಮಡಚುವ ಸ್ಟೂಲು ಇಟ್ಟರೆ ಮಲಗಿದವರ ನಿದ್ದೆ ಕೆಡದೆ ಕೆಲಸ ಸಾಗುತ್ತದೆ.