ಮೋಟಾರು ಸೂಟ್‌ಕೇಸ್ ಜೊತೆ ಜಪಾನಿಗೆ ಹೊರಟಿದ್ದೀರಾ?

ಮೇಲೆ ಕೂತು ಪುಟ್ಟ ಸ್ಕೂಟರ್ ತರಹ ಓಡಿಸುವ ಸೂಟ್‌ಕೇಸ್ ಕೊಳ್ಳಬೇಕು ಅಂತಿದ್ದರೆ ಬಣ್ಣ, ವೇಗ, ಆ್ಯಪ್ ಎಲ್ಲ ಆಮೇಲೆ ನೋಡಿ. ಮೊದಲು ಅದರ ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಿ ತೆಗೆಯಬಹುದೇ ನೋಡಿ. ಆಗದಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಲೀಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ಕೂಡಲೇ ಆರಿಸಬಹುದು, ಕೆಳಗಿನ ಲಗೇಜ್ ಗೂಡಿನಲ್ಲಿ ಯಾರ ಕೈಗೂ ಸಿಗುವುದಿಲ್ಲ. ಇದೇ ಕಾರಣಕ್ಕೆ 2018ರ ಜನವರಿಯಲ್ಲಿ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಬ್ಯಾಟರಿ ತೆಗೆಯಲಾಗದ ಸ್ಮಾರ್ಟ್ ಬ್ಯಾಗ್‌ಗಳನ್ನು ಬೇಡ ಎಂದವು. ಅಂಥ ಬ್ಯಾಗ್‌ಗಳಿಂದಲೇ ಆಗ ಹೆಸರು ಮಾಡಿದ್ದ ಬ್ಲೂಸ್ಮಾರ್ಟ್ ಕಂಪನಿ ಅದೇ ವರ್ಷದ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು.

ಎರಡನೆಯದು ಬ್ಯಾಟರಿಯ ಶಕ್ತಿ. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಯ್ಯುವಂತಿಲ್ಲ. ಲೇಬಲ್ ಮೇಲೆ ವ್ಯಾಟ್-ಅವರ್ ಬರೆದಿರದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 36 ವೋಲ್ಟ್, 2 ಆಂಪಿಯರ್-ಅವರ್ ಅಂದರೆ 72 ವ್ಯಾಟ್-ಅವರ್. ಲೇಬಲ್ ಅಳಿಸಿ ಹೋಗಿರಬಾರದು. ಸೆಕ್ಯುರಿಟಿಯವರು ಓದುವುದು ಅದನ್ನೇ, ನಮ್ಮ ಬಾಯಿಮಾತನ್ನಲ್ಲ.

ನಾವು ಹೋಗಿದ್ದು ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ, ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನದಲ್ಲಿ. ಜೊತೆಗೆ ಅಮ್ಮ. ಅವರಿಗೆ ಮಂಡಿನೋವು, ಉದ್ದಕ್ಕೆ ನಡೆಯಲು ಆಗುವುದಿಲ್ಲ. ಪೆಟ್ಟಿಗೆ ಕೊಂಡಿದ್ದು ಅವರಿಗೆ ಅನುಕೂಲವಾಗಲಿ ಅಂತಲೇ. ಮಾಡೆಲ್ ಹೆಸರು, ಬ್ಯಾಟರಿ ಶಕ್ತಿ, ಪೆಟ್ಟಿಗೆಯ ಅಳತೆ ಬರೆದು ಏರ್‌ಲೈನ್‌ಗೆ ಮೊದಲೇ ಮೇಲ್ ಕಳಿಸಿ, ಬಂದ ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಂಡಿದ್ದೆವು. ನೀವೂ ಹೀಗೇ ಮಾಡಿ. ಕೂತು ಓಡಿಸುವ ಪೆಟ್ಟಿಗೆಗಳ ಬಗ್ಗೆ ಒಂದೊಂದು ಕಂಪನಿಯದು ಒಂದೊಂದು ನಿಯಮ, ಕೌಂಟರ್‌ನಲ್ಲಿ ನಿಂತು ವಾದ ಮಾಡುವ ವಿಷಯ ಇದಲ್ಲ. ಚೆಕ್-ಇನ್‌ಗೆ ಕೊಡುವುದಾದರೆ ಬ್ಯಾಟರಿ ಬಿಚ್ಚಿ, ತುದಿಗಳಿಗೆ ಟೇಪ್ ಅಂಟಿಸಿ, ಬೇರೆ ಚೀಲದಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಬೆಂಗಳೂರಿನಲ್ಲಿ ಗೇಟ್ ಕಡೆಗಿನ ಉದ್ದನೆಯ ದಾರಿ ಖಾಲಿ ಇತ್ತು. ಸಿಬ್ಬಂದಿಯನ್ನು ಕೇಳಿ, ನಡಿಗೆಯ ವೇಗದಲ್ಲೇ ಓಡಿಸಿದೆವು. ಅಮ್ಮ ಸ್ವಲ್ಪ ದೂರ ಕೂತು ಬಂದರು, ಖುಷಿಪಟ್ಟರು. ಆದರೆ ಒಂದು ಮಾತು ಖಂಡಿತ ಹೇಳಬೇಕು. ವಯಸ್ಸಾದವರಿಗೆ ಇದು ವೀಲ್‌ಚೇರ್‌ಗೆ ಬದಲಿ ಅಲ್ಲ. ಸೀಟು ತಗ್ಗು, ಬೆನ್ನಿಗೆ ಆಸರೆ ಇಲ್ಲ, ಏಳುವಾಗ ಮಂಡಿಗೇ ಭಾರ ಬೀಳುತ್ತದೆ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಚೆಕ್-ಇನ್, ಸೆಕ್ಯುರಿಟಿ, ಇಮಿಗ್ರೇಷನ್ ಎಲ್ಲ ಕಡೆ ಜೊತೆಗೆ ಒಬ್ಬರು ಬರುತ್ತಾರೆ. ಬರುವಾಗ ಅಮ್ಮನಿಗೆ ಅದನ್ನೇ ಮಾಡಿಸಿದೆವು, ನೂರು ಪಾಲು ಮೇಲು.

ಜಪಾನಿನಲ್ಲಿ ಇಳಿದ ಮೇಲೆ ಪೆಟ್ಟಿಗೆಯ ಮೇಲೆ ಕೂರಲೇಬೇಡಿ. ಅಲ್ಲಿನ ರಸ್ತೆ ಕಾನೂನಿನ ಪ್ರಕಾರ ಇದೂ ಒಂದು ಮೋಟಾರು ವಾಹನ. ರಸ್ತೆಯಲ್ಲಿ ಓಡಿಸಲು ಲೈಸೆನ್ಸ್ ಬೇಕು, ನಂಬರ್ ಪ್ಲೇಟ್ ಬೇಕು, ಇನ್ಶೂರೆನ್ಸ್ ಬೇಕು. ಫುಟ್‌ಪಾತ್ ಮೇಲಂತೂ ಬಿಡುವುದೇ ಇಲ್ಲ. ಒಸಾಕಾದಲ್ಲಿ ಹೀಗೆ ಓಡಿಸಿದ ವಿದೇಶಿ ಮಹಿಳೆಯೊಬ್ಬರ ಮೇಲೆ 2024ರಲ್ಲಿ ಪೊಲೀಸರು ಪ್ರಕರಣ ನಡೆಸಿದ್ದು ಸುದ್ದಿಯಾಗಿತ್ತು. ಕನ್ಸಾಯ್ ಮತ್ತು ಚೂಬು ವಿಮಾನ ನಿಲ್ದಾಣಗಳು ಒಳಗೂ ಓಡಿಸಬೇಡಿ ಎಂದು ಕೇಳಿಕೊಂಡಿವೆ. ನಾವು ನರಿಟಾದಲ್ಲಿ ಸ್ವಿಚ್ ಮುಟ್ಟಲಿಲ್ಲ.

ಓಡಿಸದಿದ್ದರೆ ಅದು ಸುಮ್ನೆ ಒಂದು ಭಾರದ ಪೆಟ್ಟಿಗೆ. ಖಾಲಿ ಇದ್ದಾಗಲೇ 9 ಕೆಜಿ ಹತ್ತಿರ ತೂಗುತ್ತದೆ. ಮೋಟಾರು, ಬ್ಯಾಟರಿ ಜಾಗ ತಿಂದು ಬಟ್ಟೆಗೆ ಉಳಿಯುವುದು 20 ಲೀಟರ್ ಆಸುಪಾಸು. ಹೀಗಾಗಿ ಜಪಾನಿನಲ್ಲಿ ನಿಜವಾಗಿ ಹಗುರ ಮಾಡಿದ್ದು ತಕ್ಯೂಬಿನ್, ಅಂದರೆ ಲಗೇಜನ್ನು ಹೋಟೆಲಿಗೇ ತಲುಪಿಸುವ ಸೇವೆ. ನರಿಟಾದ ಆಗಮನ ಹಾಲ್‌ನಲ್ಲೇ ಇದರ ಕೌಂಟರ್‌ಗಳಿವೆ. ಹೋಟೆಲ್ ವಿಳಾಸ, ಚೆಕ್-ಇನ್ ತಾರೀಖು ಬರೆದುಕೊಟ್ಟು ಪೆಟ್ಟಿಗೆಯನ್ನು ನೇರ ಕ್ಯೋಟೊಗೆ ಕಳಿಸಿದೆವು. ಸಾಮಾನ್ಯವಾಗಿ ಮಾರನೇ ದಿನ ತಲುಪುತ್ತದೆ, ಅದಕ್ಕೆ ಒಂದು ಜೊತೆ ಬಟ್ಟೆ, ಔಷಧಿ ಕೈಚೀಲದಲ್ಲೇ ಇರಲಿ. ಬ್ಯಾಟರಿ ನಮ್ಮ ಹತ್ತಿರವೇ ಇತ್ತು.

ಇದರ ಲಾಭ ಗೊತ್ತಾಗುವುದು ಸ್ಟೇಷನ್‌ಗಳಲ್ಲಿ. ವಿಮಾನ ನಿಲ್ದಾಣದಿಂದ ಬರುವ ನರಿಟಾ ಎಕ್ಸ್‌ಪ್ರೆಸ್ ರೈಲು ಟೋಕಿಯೊ ಸ್ಟೇಷನ್‌ನ ನೆಲದಡಿಯ ಐದನೇ ಮಹಡಿಗೆ ಬರುತ್ತದೆ. ಕ್ಯೋಟೊಗೆ ಹೋಗುವ ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲು, ಹೊರಡುವುದು ಸ್ಟೇಷನ್‌ನ ಇನ್ನೊಂದು ಬದಿಯಿಂದ. ನಡುವಿನ ನಡಿಗೆ ಸಣ್ಣದಲ್ಲ. ವಯಸ್ಸಾದವರು ಜೊತೆಗಿದ್ದರೆ ಟೋಕಿಯೊ ಬದಲು ಶಿನಾಗಾವಾದಲ್ಲಿ ಬದಲಾಯಿಸಿ. ಎರಡೂ ರೈಲು ಅಲ್ಲಿ ನಿಲ್ಲುತ್ತವೆ, ನಡಿಗೆ ತುಂಬಾ ಕಡಿಮೆ. ದೊಡ್ಡ ಸೂಟ್‌ಕೇಸ್ ರೈಲಿನಲ್ಲೇ ಒಯ್ಯುವವರು ಇನ್ನೊಂದು ಗಮನಿಸಿ. ಕ್ಯೋಟೊ ಕಡೆಯ ಶಿಂಕಾನ್‌ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವ ಲಗೇಜಿಗೆ ಜಾಗವಿರುವ ಸೀಟನ್ನೇ ಮೊದಲು ಕಾಯ್ದಿರಿಸಬೇಕು. ಕಾಯ್ದಿರಿಸದೆ ತಂದರೆ 1,000 ಯೆನ್ ಕಟ್ಟಬೇಕು. ಕ್ಯಾಬಿನ್ ಅಳತೆಯ ಪೆಟ್ಟಿಗೆಗೆ ಈ ರಗಳೆ ಇಲ್ಲ.

ಕ್ಯೋಟೊದ ಸಾನೆನ್‌ಜಾಕಾ, ನಿನೆನ್‌ಜಾಕಾ ಕಲ್ಲುಹಾಸಿನ ಇಳಿಜಾರು, ಮೆಟ್ಟಿಲು ಬೇರೆ. ಆ ಸುತ್ತಮುತ್ತ ಹೋಟೆಲ್ ಮಾಡಿದವರು ಯಾವ ಚಕ್ರವನ್ನೂ ನಂಬಬೇಡಿ. ಸಿಟಿ ಬಸ್‌ಗಳಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ, ಪೆಟ್ಟಿಗೆ ಹೊತ್ತು ಹತ್ತಿದರೆ ಎಲ್ಲರಿಗೂ ತೊಂದರೆ ಅಲ್ವಾ?

ಚಾರ್ಜರ್ ವಿಷಯ ಸಣ್ಣದು, ಆದರೆ ಮರೆಯಬೇಡಿ. ಜಪಾನಿನಲ್ಲಿ ಕರೆಂಟು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್. ಚಾರ್ಜರ್ ಮೇಲೆ 100–240 ಎಂದಿದ್ದರೆ ಒಂದು ಅಡಾಪ್ಟರ್ ಸಾಕು.

ವಾಪಸ್ ಬಂದು ಬೆಂಗಳೂರಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಇನ್ನೊಂದು ವಿಮಾನ ಹಿಡಿಯುವವರಿಗೆ ಕೊನೆಯ ಮಾತು. ನಮ್ಮ ದೇಶೀಯ ವಿಮಾನಗಳಲ್ಲಿ ಇಕಾನಮಿ ಕ್ಲಾಸಿನವರ ಕೈಚೀಲ 7 ಕೆಜಿ ಮೀರುವಂತಿಲ್ಲ. ಈ ಪೆಟ್ಟಿಗೆ ಖಾಲಿ ಇದ್ದಾಗಲೇ ಅದನ್ನು ದಾಟುತ್ತದೆ. ಹಾಗಾಗಿ ಚೆಕ್-ಇನ್‌ಗೆ ಕೊಡಲೇಬೇಕು. ಇಳಿದ ತಕ್ಷಣ ಬ್ಯಾಟರಿ ಜೋಡಿಸಿಬಿಡಬೇಡಿ, ಮುಂದಿನ ಕೌಂಟರ್‌ನಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ.