ತಣ್ಣಗಿದ್ದ ಚಕ್ರಗಳು

ಘಟ್ಟದ ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಬೆಳಗಿನಿಂದ ಹತ್ತಿದ್ದೇ ಹತ್ತಿದ್ದು. ಹಿಂದೆ ಟ್ರೇಲರ್ ಕಟ್ಟಿಕೊಂಡಿದ್ದೇವೆ, ಎಂಜಿನ್ ಕಾದು ಕೈಕೊಟ್ಟರೆ ಏನು ಗತಿ ಎಂಬುದೊಂದೇ ಚಿಂತೆ. ದಾರಿಯುದ್ದಕ್ಕೂ ಬಿಸಿಯ ಮುಳ್ಳಿನ ಮೇಲೇ ಕಣ್ಣು, ಅದು ಮಿಸುಕಾಡಲಿಲ್ಲ. ತುದಿಯಲ್ಲಿ ಗಾಡಿ ನಿಲ್ಲಿಸಿ, ಕೆಳಗಿನ ಕಣಿವೆಯ ಫೋಟೊ ತೆಗೆದು, ‘ಇನ್ನೇನು ಭಾವ, ಇಳಿಯುವುದಷ್ಟೇ’ ಎಂದೆ.

ಇಳಿಯುವುದು ಎಂದರೆ ಏನೆಂದು ನಾನು ಲೆಕ್ಕ ಹಾಕಿದ್ದು ಮನೆಗೆ ಬಂದ ಮೇಲೆ. ನಮ್ಮ ವಾಹನ 2.2 ಟನ್, ಟ್ರೇಲರ್ 1.6 ಟನ್, ಹನ್ನೊಂದು ಕಿಲೋಮೀಟರ್ ದಾರಿಯಲ್ಲಿ ಸುಮಾರು 900 ಮೀಟರ್ ಇಳಿತ. ಅಷ್ಟು ಭಾರ ಅಷ್ಟು ಎತ್ತರದಿಂದ ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿ ನೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅದರಲ್ಲಿ ಸ್ವಲ್ಪವನ್ನು ಗಾಳಿ ತಿನ್ನುತ್ತದೆ, ಬಿಟ್ಟುಕೊಟ್ಟರೆ ಎಂಜಿನ್ ಒಂದಷ್ಟನ್ನು ಹೊರುತ್ತದೆ. ಮಿಕ್ಕದ್ದೆಲ್ಲ ಬ್ರೇಕಿನ ಪಾಲು. ನಾನು ಎಂಜಿನ್‌ಗೆ ಏನನ್ನೂ ಬಿಟ್ಟುಕೊಡಲಿಲ್ಲ. ‘ಮುಂದೆ ಕಡಿದಾದ ಇಳಿಜಾರು, ಕೆಳಗಿನ ಗೇರು ಬಳಸಿ’ ಎಂಬ ಫಲಕವನ್ನು ಭಾವ ಗಟ್ಟಿಯಾಗಿ ಓದಿಯೂ ಇದ್ದರು. ಆಟೋಮ್ಯಾಟಿಕ್ ಗೇರನ್ನು ಇದ್ದಲ್ಲಿಯೇ ಬಿಟ್ಟು, ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯತೊಡಗಿದೆ. ಹಗುರವಾಗಿ ಒತ್ತುತ್ತಿದ್ದೇನಲ್ಲ, ಏನಾದೀತು ಎಂಬ ಧೈರ್ಯ. ಬ್ರೇಕನ್ನು ಬೇಯಿಸುವುದು ಆ ಹಗುರವಾದ, ಬಿಡುವಿಲ್ಲದ ಒತ್ತೇ.

ನಾಲ್ಕನೆಯ ಕಿಲೋಮೀಟರ್ ಹೊತ್ತಿಗೆ ಸುಟ್ಟ ವಾಸನೆ ಬಂತು. ಯಾವುದೋ ಲಾರಿಯದಿರಬೇಕು ಎಂದುಕೊಂಡೆವು. ಹಿಂದೆ ಮುಂದೆ ಒಂದು ಲಾರಿಯೂ ಇರಲಿಲ್ಲ.

ಅದಾದ ಎರಡನೆಯ ತಿರುವಿನಲ್ಲಿ ಪೆಡಲ್ ಮೆತ್ತಗಾಯಿತು. ಒದ್ದೆ ಅರಳೆಯನ್ನು ತುಳಿದ ಹಾಗೆ. ಇನ್ನಷ್ಟು ಒತ್ತಿದೆ, ನೆಲಕ್ಕೆ ತಾಗಿತು. ಇಳಿಜಾರಿನಲ್ಲಿ ತುಂಬಿದ ಗಾಡಿಯ ನೊಗ ಎತ್ತುಗಳ ಕೊರಳನ್ನು ಮುಂದಕ್ಕೆ ದಬ್ಬುತ್ತದಲ್ಲ, ಹಾಗೆ ಟ್ರೇಲರ್ ನಮ್ಮನ್ನು ಹಿಂದಿನಿಂದ ದಬ್ಬುತ್ತಿತ್ತು. ‘ಭಾವ, ಬ್ರೇಕ್ ಹಿಡಿಯುತ್ತಿಲ್ಲ’ ಎಂದೆ. ನನ್ನ ದನಿ ನನಗೇ ಬೇರೆಯವರದರಂತೆ ಕೇಳಿಸಿತು.

ಅವರು ನನಗೆ ಉತ್ತರ ಕೊಡಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿದ್ದ ಟ್ರೇಲರ್ ಬ್ರೇಕಿನ ಪೆಟ್ಟಿಗೆಗೆ ಕೈ ಹಾಕಿ, ಅದರ ತಿರುಪನ್ನು ಮೇಲಕ್ಕೆ ತಿರುಗಿಸಿ, ಪಕ್ಕದ ಸನ್ನೆಯನ್ನು ಮೆಲ್ಲಗೆ ತಳ್ಳಿದರು. ಆ ಸನ್ನೆ ತಳ್ಳಿದರೆ ಟ್ರೇಲರ್‌ನ ಚಕ್ರಗಳಿಗೆ ಮಾತ್ರ ಬ್ರೇಕ್ ಬೀಳುತ್ತದೆ. ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದ ಹಾಗಾಯಿತು. ‘ಗೇರು ಇಳಿಸು. ಎಂಜಿನ್ ಕೂಗಿದರೆ ಕೂಗಲಿ’ ಎಂದರು. ಮೂರಕ್ಕೆ, ವೇಗ ತುಸು ತಗ್ಗಿದ ಮೇಲೆ ಎರಡಕ್ಕೆ ಇಳಿಸಿದೆ. ಎಂಜಿನ್ ಕೂಗಿತು. ಅಷ್ಟು ಹಿತವಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಎಡಕ್ಕೆ ಜಲ್ಲಿ ಹರಡಿದ ಅಗಲವಾದ ಜಾಗವೊಂದು ಕಾಣಿಸಿತು. ಅಲ್ಲಿ ನೆಲ ತುಸು ಏರಿತ್ತು. ಗಾಡಿ ತೆವಳುತ್ತ ಹೋಗಿ ನಿಂತಿತು. ಚಕ್ರಗಳಿಗೆ ಕಲ್ಲು ಕೊಟ್ಟೆವು.

ಮುಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಒಂದು ಮಾರು ದೂರ ನಿಂತರೂ ಕಾವು ಮುಖಕ್ಕೆ ಹೊಡೆಯುತ್ತಿತ್ತು. ನೀರಿನ ಕ್ಯಾನ್ ತರಲು ಹೊರಟ ನನ್ನನ್ನು ಭಾವ ತಡೆದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾದೀತು, ಬಿರುಕೂ ಬಿಟ್ಟೀತು. ಆಮೇಲೆ ಅವರು ಟ್ರೇಲರ್‌ನ ಬಳಿ ಹೋಗಿ, ಚಕ್ರದ ಹತ್ತಿರ ಅಂಗೈ ಹಿಡಿದು ಪರೀಕ್ಷಿಸಿ, ಕೊನೆಗೆ ಮುಟ್ಟಿಯೇ ಬಿಟ್ಟರು.

‘ಇಲ್ಲಿ ಬಾ, ಮುಟ್ಟಿ ನೋಡು’ ಎಂದರು.

ಉಗುರುಬೆಚ್ಚಗೂ ಇರಲಿಲ್ಲ. ಕೊನೆಯ ಅರ್ಧ ನಿಮಿಷ ಬಿಟ್ಟರೆ ಆ ಚಕ್ರಗಳು ದಾರಿಯುದ್ದಕ್ಕೂ ಕೆಲಸವನ್ನೇ ಮಾಡಿರಲಿಲ್ಲ.

ಅದು ನನ್ನದೇ ಕೈಗೆಲಸ. ಹೊರಟ ದಿನ ಊರೊಳಗೆ ಬ್ರೇಕ್ ಒತ್ತಿದಾಗಲೆಲ್ಲ ಟ್ರೇಲರ್ ಜಗ್ಗುತ್ತಿತ್ತು. ಜಗ್ಗಿದಾಗಲೆಲ್ಲ ತೂಕಡಿಸುತ್ತಿದ್ದ ಭಾವನ ನಿದ್ದೆ ಕೆಡುತ್ತಿತ್ತು. ಹಾಗಾಗಿ ಆ ತಿರುಪನ್ನು ಕೆಳಕ್ಕೆ ತಿರುಗಿಸಿಟ್ಟಿದ್ದೆ, ಮತ್ತೆ ಮರೆತಿದ್ದೆ. ಟ್ರೇಲರ್‌ನ ಬ್ರೇಕಿನೊಳಗಿನ ವಿದ್ಯುತ್ಕಾಂತಕ್ಕೆ ಎಷ್ಟು ಕರೆಂಟ್ ಹರಿಯಬೇಕೆಂದು ನಿರ್ಧರಿಸುವುದು ಆ ತಿರುಪು. ಕರೆಂಟ್ ಸಾಲದಿದ್ದರೆ ಚಕ್ರದ ಡ್ರಮ್ಮಿನೊಳಗಿನ ಬ್ರೇಕ್ ಲೈನಿಂಗ್ ಹಿಡಿಯದೆ ಸುಮ್ಮನೆ ಸವರಿಕೊಂಡು ಹೋಗುತ್ತದೆ. 3.8 ಟನ್‌ ಭಾರವನ್ನು 2.2 ಟನ್ನಿನ ವಾಹನದ ಬ್ರೇಕೊಂದೇ ಹೊತ್ತಿತ್ತು.

ಒಂದು ಗಂಟೆ ಕಾದೆವು. ಪೆಡಲ್ ತಾನಾಗಿಯೇ ಗಟ್ಟಿಯಾಯಿತು. ಭಯ ಹುಟ್ಟಿಸಬೇಕಾದದ್ದು ಇದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ತೇವ ಹೀರಿದ ಮೇಲೆ ಅದಕ್ಕೆ ಗೊತ್ತುಮಾಡಿರುವ ಮಿತಿ ಬರೀ 140. ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಒತ್ತಿದ ಒತ್ತಡವನ್ನೆಲ್ಲ ಆ ಗುಳ್ಳೆಯೇ ನುಂಗುತ್ತದೆ. ಆರಿದೊಡನೆ ಗುಳ್ಳೆ ಮಾಯ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಸರಿಯಾಗಿರುವುದಿಲ್ಲ.

ಉಳಿದ ದಾರಿಯನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತು ಈಗಿನ ಬಲಿಷ್ಠ ಎಂಜಿನ್‌ಗಳಿಗೆ ಸಾಲದು, ಅದಕ್ಕಿಂತ ಒಂದು ಕಡಿಮೆ ಇರಲಿ ಎಂಬುದು ಭಾವನ ಅಭಿಪ್ರಾಯ. ವೇಗ ಗಂಟೆಗೆ 40 ದಾಟಿದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ 30ಕ್ಕೆ ಇಳಿಸುವುದು, ಕಾಲು ಪೂರ್ತಿ ತೆಗೆಯುವುದು, ಮತ್ತೆ 40 ಆಗುವವರೆಗೆ ಮುಟ್ಟದಿರುವುದು. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಹೊಡೆದವು. ಹೊಡೆಯಲಿ. ಜಾಗ ಸಿಕ್ಕಲ್ಲೆಲ್ಲ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟೆವು.

ಕೆಳಗಿನ ಊರಿನಲ್ಲಿ ಎರಡು ದಿನ ತಂಗಿ ಬ್ರೇಕ್ ಆಯಿಲ್ ಬದಲಿಸಿದೆವು. ಹೊರಬಂದದ್ದು ಕಂದು ಬಣ್ಣದ ರಾಡಿ. ಕಾವಿಗೆ ನುಣುಪಾಗಿ ಗಾಜಿನಂತೆ ಹೊಳೆಯುತ್ತಿದ್ದ ಬ್ರೇಕ್ ಪ್ಯಾಡುಗಳನ್ನೂ ಎಸೆದೆವು. ಮೂರನೆಯ ಬೆಳಗ್ಗೆ ಖಾಲಿ, ಸಮತಟ್ಟಾದ ರಸ್ತೆಯಲ್ಲಿ 40ರ ವೇಗದಲ್ಲಿ ಸನ್ನೆಯನ್ನು ಪೂರ್ತಿ ತಳ್ಳುತ್ತ, ಟ್ರೇಲರ್‌ನ ಚಕ್ರಗಳು ಇನ್ನೇನು ಕಚ್ಚಿಕೊಳ್ಳುತ್ತವೆ ಎನ್ನುವವರೆಗೆ ತಿರುಪನ್ನು ಏರಿಸಿ, ಒಂದು ಗೆರೆ ಹಿಂದಕ್ಕೆ ತಂದು ನಿಲ್ಲಿಸಿದೆ.

ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಟ್ರೇಲರ್ ಚೆನ್ನಾಗಿಯೇ ಜಗ್ಗಿತು. ತೂಕಡಿಸುತ್ತಿದ್ದ ಭಾವ ಕಣ್ಣು ಬಿಟ್ಟು, ಪೆಟ್ಟಿಗೆಯತ್ತ ಒಮ್ಮೆ ನೋಡಿ, ಮತ್ತೆ ಕಣ್ಣು ಮುಚ್ಚಿದರು.